ಯಾರ ದುಡ್ಡಿನ ಕಣ?



ಕೊಲ್ಹಾಪುರದ ಖಾಸಬಾಗ ಮೈದಾನವನ್ನು ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಪೈಲವಾನರಿಗೆ ಪರಿಚಯಿಸಬೇಕಾಗಿಲ್ಲ. 1912ರಲ್ಲಿ ಶಾಹು ಮಹಾರಾಜರು ಕಟ್ಟಿಸಿದ ಕುಸ್ತಿ ಕಣ ಅದು. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿನ ರೈತ ಕಟ್ಟಿದ ಕಂದಾಯವೂ ಅದೇ ಬೊಕ್ಕಸಕ್ಕೆ ಹೋಗುತ್ತಿತ್ತು. ಹಾಗಾಗಿ ಆಟಕ್ಕೆ ಜನರ ದುಡ್ಡು ಹಾಕುವುದೇ ತಪ್ಪು ಎಂದು ನಾನು ವಾದಿಸಲಾರೆ. ಆದರೆ ಖಾಸಬಾಗದ ಮಣ್ಣಿಗಿಳಿದ ಜಟ್ಟಿಗಳನ್ನು ಯಾವ ಕಂಪನಿಯೂ ಕೊಂಡಿರಲಿಲ್ಲ.

ಈಗ ಬೆಂಗಳೂರಿನ ಮಾತು. 2025ರ ಜೂನ್ 4ರಂದು, ಐಪಿಎಲ್ ಗೆದ್ದ ಆರ್‌ಸಿಬಿಯ ಸಂಭ್ರಮದಲ್ಲಿ, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ 11 ಜನ ಬಲಿಯಾದರು. ಇಷ್ಟು ದೊಡ್ಡ ಜನಸಂದಣಿಗೆ ಆ ಜಾಗ ತಕ್ಕುದಲ್ಲ ಎಂದು ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹಾ ಆಯೋಗ ಹೇಳಿತು. ಆಗಸ್ಟ್‌ನಲ್ಲಿ ಬೊಮ್ಮಸಂದ್ರದ ಸೂರ್ಯನಗರದಲ್ಲಿ 80,000 ಆಸನಗಳ ಕ್ರೀಡಾ ಸಂಕೀರ್ಣಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಒಪ್ಪಿಗೆ ಕೊಟ್ಟರು. ಅಂದಾಜು ವೆಚ್ಚ 1,650 ಕೋಟಿ ರೂಪಾಯಿ. ಖರ್ಚು ಗೃಹ ಮಂಡಳಿಯದು, ಸರ್ಕಾರದ ಬೊಕ್ಕಸದ್ದಲ್ಲ ಎಂಬ ಸಮಜಾಯಿಷಿಯೂ ಬಂತು. ಗೃಹ ಮಂಡಳಿಯ ದುಡ್ಡೇನು ಮುಗಿಲಿನಿಂದ ಉದುರುತ್ತದೆಯೇ? ನಿವೇಶನಕ್ಕೆಂದು ಕಂತು ಕಟ್ಟಿದ ಸಂಸಾರಸ್ಥರ ದುಡ್ಡು ಅದು.

ಅಮೆರಿಕದಲ್ಲಿ ತಂಡದ ಮಾಲೀಕರು ಕ್ರೀಡಾಂಗಣಕ್ಕೆ ಜನರ ದುಡ್ಡನ್ನು ಬಾಯಿಬಿಟ್ಟು ಕೇಳುತ್ತಾರೆ. ಕೊಡದಿದ್ದರೆ ಊರು ಬಿಡುತ್ತಾರೆ. ಸಿಯಾಟಲ್ ಹೊಸ ಅಂಗಣಕ್ಕೆ ಹಣ ಕೊಡಲಿಲ್ಲ. 2008ರಲ್ಲಿ ಅದರ ಬ್ಯಾಸ್ಕೆಟ್‌ಬಾಲ್ ತಂಡ ಒಕ್ಲಹೋಮಕ್ಕೆ ಹೋಯಿತು. ಬಫಲೋ ಫುಟ್‌ಬಾಲ್ ತಂಡಕ್ಕೆ 2022ರಲ್ಲಿ ನ್ಯೂಯಾರ್ಕ್ ರಾಜ್ಯವೂ ಎರೀ ಕೌಂಟಿಯೂ ಸೇರಿ 85 ಕೋಟಿ ಡಾಲರ್ ಒಪ್ಪಿದವು. ಇಂಥ ಕ್ರೀಡಾಂಗಣಗಳಿಂದ ಊರಿಗೆ ಹಾಕಿದ ದುಡ್ಡು ಮರಳುವುದಿಲ್ಲವೆಂದು ರೋಜರ್ ನೋಲ್, ಆಂಡ್ರ್ಯೂ ಜಿಂಬಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು 1997ರಲ್ಲೇ ಲೆಕ್ಕ ಸಮೇತ ತೋರಿಸಿದ್ದರು. ಕೇಳಿದವರು ಕಡಿಮೆ.

ನಮ್ಮ ಮಾಲೀಕರಿಗೆ ಬೆದರಿಸುವ ತ್ರಾಸವೂ ಇಲ್ಲ. ಸೂರ್ಯನಗರದ ಕಣ ಯಾವ ತಂಡದ ಹೆಸರಿನಲ್ಲೂ ಇಲ್ಲ, ನಿಜ. ಈಜುಕೊಳ, ಹಾಸ್ಟೆಲು, ಬೇರೆ ಆಟಗಳ ಅಂಗಣಗಳೂ ಯೋಜನೆಯಲ್ಲಿವೆ. ಆದರೂ 80,000 ಕುರ್ಚಿ ತುಂಬಿಸುವವರು ಯಾರು? ರಾಜ್ಯಮಟ್ಟದ ಖೋಖೋ ಪಂದ್ಯವಂತೂ ಅಲ್ಲ. ಐದು ವರ್ಷದ ಪ್ರಸಾರ ಹಕ್ಕನ್ನು 48,390 ಕೋಟಿಗೆ ಮಾರಿದ ಐಪಿಎಲ್‌ಗೆ ಮಾತ್ರ ಅಷ್ಟು ಕುರ್ಚಿ ಬೇಕು, ಅದೂ ತವರಿನ ಏಳೆಂಟು ಪಂದ್ಯಗಳಿಗೆ.

2025ರ ನವೆಂಬರ್ ನೆನಪಿಸಿಕೊಳ್ಳಿ. ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ರಸ್ತೆಯ ಮೇಲೆ ಕೂತರು. ನಮ್ಮ ತಾಲೂಕುಗಳೂ ಬಿಸಿಯಾದವು. ಕೊನೆಗೆ 3,300ಕ್ಕೆ ಇತ್ಯರ್ಥವಾಯಿತು; ಅದರಲ್ಲಿ ಸರ್ಕಾರದ ಪಾಲು ಟನ್ನಿಗೆ 50 ರೂಪಾಯಿ. ಸೂರ್ಯನಗರದ ಅಂದಾಜನ್ನು ಆಸನಗಳಿಗೆ ಹಂಚಿದರೆ ಒಂದು ಕುರ್ಚಿಗೆ ಎರಡು ಲಕ್ಷಕ್ಕಿಂತ ಹೆಚ್ಚು. ಇದು ಒರಟು ಲೆಕ್ಕ, ಈಜುಕೊಳದ ಖರ್ಚೂ ಅದರಲ್ಲೇ ಇದೆ. ಆದರೆ 50 ರೂಪಾಯಿಗೆ ಅಷ್ಟು ದಿನ ರಸ್ತೆಯಲ್ಲಿ ಕೂಡಿಸಿದ ಸರ್ಕಾರ ಈ ಕುರ್ಚಿಗೆ ಯಾರನ್ನು ಎಷ್ಟು ದಿನ ಕಾಯಿಸಿತು?

ಕಟ್ಟಲಿ, ಬೇಡವೆನ್ನುವುದಿಲ್ಲ. ಆದರೆ ಬುನಾದಿಗೆ ಮೊದಲು ಕರಾರು ಪತ್ರ ಬಯಲಿಗೆ ಬರಲಿ. ಐಪಿಎಲ್ ಪಂದ್ಯಕ್ಕೆ ಬಾಡಿಗೆ ಎಷ್ಟು, ಟಿಕೆಟ್ಟಿನಲ್ಲಿ ಮಂಡಳಿಗೆ ಪಾಲೆಷ್ಟು, ಪೊಲೀಸ್ ಬಂದೋಬಸ್ತಿನ ಬಿಲ್ಲು ಯಾರಿಗೆ, ತಂಡ ಕೈಬದಲಾದರೆ ಹೊಸ ಮಾಲೀಕನಿಗೂ ಕರಾರು ಅಂಟುತ್ತದೆಯೇ? ಇಷ್ಟಾದ ಮೇಲೆ ಆ ಹಾಸ್ಟೆಲಿನ ಲೆಕ್ಕವೂ ಇದೆ: ಕಾಗವಾಡದ ಕುಸ್ತಿ ಹುಡುಗಿಗೆ ಅಲ್ಲಿ ವರ್ಷವಿಡೀ ಒಂದು ಮಂಚ ಸಿಗುತ್ತದೆಯೇ, ಪಂದ್ಯದ ದಿನ ಖಾಲಿ ಮಾಡು ಎನ್ನುತ್ತಾರೆಯೇ, ಅದನ್ನೂ ಬರೆದುಕೊಡಲಿ.