ಬೀಗ ತೆರೆದ ಮನೆ, ಬೀಗ ಬಿದ್ದ ಶಾಲೆ

(ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರಿಗಾಗಿ ನಡೆದ ಪರಿಸರ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಇಂದಿನ ಮಾತಿಗೆ ನಾನು ಆಯ್ದುಕೊಂಡಿರುವ ವಿಷಯ ಮೇಲ್ನೋಟಕ್ಕೆ ದೂರದ್ದೆನಿಸಬಹುದು. ಇಂಗ್ಲೆಂಡಿನ ನಗರಗಳಲ್ಲಿ ದುಡಿದು ನಿವೃತ್ತರಾದ ಗಂಡ ಹೆಂಡಿರು ಫ್ರಾನ್ಸಿನ ಹಳ್ಳಿಗಳಿಗೆ ಹೋಗಿ ನೆಲೆಸುವ ಸಂಗತಿ ಇದು. ಪರದೇಶದ ವೃದ್ಧರ ಸಂಸಾರದ ಚಿಂತೆ ನಮಗೇಕೆ ಎಂದು ತಾವು ಕೇಳಿದರೆ ತಪ್ಪಲ್ಲ. ಆದರೆ ಒಂದು ಗುಡ್ಡಗಾಡು ಸೀಮೆ ಜನರಿಲ್ಲದೆ ಬರಿದಾದ ಮೇಲೆ ಏನಾಗುತ್ತದೆ, ಅಲ್ಲಿಗೆ ಹೊಸದಾಗಿ ಯಾರು ಬರುತ್ತಾರೆ, ಬಂದವರಿಂದ ಊರು ಎಷ್ಟರಮಟ್ಟಿಗೆ ಉಳಿಯುತ್ತದೆ ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರ ದೊರೆಯುತ್ತದೆ. ಆ ಪ್ರಶ್ನೆಗಳು ನಮ್ಮವೂ ಹೌದು.

ಫ್ರಾನ್ಸಿನ ಮಧ್ಯಭಾಗದಲ್ಲಿ ಲಿಮೂಜಾಂ ಎಂಬ ಸೀಮೆಯಿದೆ. ಗ್ರಾನೈಟ್ ಶಿಲೆಯ ನೆಲ, ಹುಲ್ಲುಗಾವಲು, ಓಕ್ ಮತ್ತು ಚೆಸ್ಟ್‌ನಟ್ ಮರಗಳ ಕಾಡು. ಅದರ ಎತ್ತರದ ಭಾಗಕ್ಕೆ ಮಿಲ್‌ವಾಶ್ ಪ್ರಸ್ಥಭೂಮಿ ಎಂದು ಹೆಸರು. ವಿಯೆನ್, ಕ್ರೂಜ್, ವೆಜೇರ್, ಕೊರೇಜ್ ನದಿಗಳು ಹುಟ್ಟುವುದು ಅಲ್ಲಿ. ಕ್ರೂಜ್ ನದಿಯ ಹೆಸರನ್ನೇ ಹೊತ್ತ ಆಡಳಿತ ವಿಭಾಗದಲ್ಲಿ 1891ರಲ್ಲಿ ಸುಮಾರು 2,85,000 ಜನರಿದ್ದರು. ಇಂದು ಇರುವವರು ಸುಮಾರು 1,15,000 ಮಾತ್ರ. ದೇಶದ ಒಟ್ಟು ಜನಸಂಖ್ಯೆ ಬೆಳೆಯುತ್ತಿದ್ದ ಕಾಲದಲ್ಲಿಯೇ ಈ ಸೀಮೆ ತನ್ನ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಕಳೆದುಕೊಂಡಿತು.

ಇದು ಒಂದೇ ದಿನದಲ್ಲಿ ಆದದ್ದಲ್ಲ. ಕ್ರೂಜ್ ಸೀಮೆಯ ಗಂಡಸರು ಕಲ್ಲುಕಟ್ಟಡದ ಕೆಲಸಕ್ಕೆ ಪ್ರಸಿದ್ಧರು. ವಸಂತ ಬರುತ್ತಲೇ ಪ್ಯಾರಿಸಿಗೆ ನಡೆದುಹೋಗಿ, ಚಳಿಗಾಲಕ್ಕೆ ಊರಿಗೆ ಮರಳುವುದು ಅವರ ರೂಢಿಯಾಗಿತ್ತು. ಮಾರ್ತ್ಯಾಂ ನಾದೋ ಎಂಬಾತ 1830ರಲ್ಲಿ, ಹದಿನಾಲ್ಕರ ಹುಡುಗನಾಗಿದ್ದಾಗ, ತಂದೆಯೊಂದಿಗೆ ಹೀಗೆಯೇ ಹೊರಟವನು. ಗಾರೆ ಕೆಲಸದವನಾಗಿ ಆರಂಭಿಸಿ ಮುಂದೆ ಸಂಸತ್ತಿನ ಸದಸ್ಯನಾದನು. ಅದೇ ನಾದೋ ರಾಜಕೀಯ ಕಾರಣದಿಂದ ದೇಶಭ್ರಷ್ಟನಾಗಿ ಇಂಗ್ಲೆಂಡಿನಲ್ಲಿ ವರ್ಷಾನುಗಟ್ಟಲೆ ಶಿಕ್ಷಕನಾಗಿದ್ದನೆಂಬುದು ಇತಿಹಾಸದ ಒಂದು ವಿಚಿತ್ರ. ಇಂದು ಇಂಗ್ಲೆಂಡಿನವರೇ ಅವನ ಸೀಮೆಗೆ ಬಂದಿದ್ದಾರೆ. ರೈಲು ಬಂದ ಮೇಲೆ, ಋತುಮಾನಕ್ಕೆ ಹೋಗಿ ಬರುತ್ತಿದ್ದವರು ಹೆಂಡಿರು ಮಕ್ಕಳನ್ನೂ ಕರೆಸಿಕೊಂಡು ನಗರದಲ್ಲಿಯೇ ನಿಂತರು. ಮೊದಲ ಮಹಾಯುದ್ಧ ಉಳಿದ ಯುವಕರಲ್ಲಿ ಅನೇಕರನ್ನು ನುಂಗಿತು. ಪ್ಯಾರಿಸಿನ ಗೋಡೆಗಳನ್ನು ಎಬ್ಬಿಸಿದವರ ಸ್ವಂತ ಮನೆಗಳ ಛಾವಣಿ ಕುಸಿಯತೊಡಗಿತು.

ಜನ ಹೋದ ಮೇಲೆ ನೆಲ ಸುಮ್ಮನೆ ಉಳಿಯಲಿಲ್ಲ. ಹಿಂದೆ ಮಿಲ್‌ವಾಶ್ ಪ್ರಸ್ಥಭೂಮಿಯ ಬಹುಭಾಗ ಕುರಿ ಮೇಯುವ ಬಯಲಾಗಿತ್ತು. ಕುರುಬರಿಲ್ಲದ ಆ ಬಯಲಿನಲ್ಲಿ, 1946ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅರಣ್ಯ ನಿಧಿಯ ನೆರವಿನಿಂದ, ಸ್ಪ್ರೂಸ್ ಮತ್ತು ಡಗ್ಲಾಸ್ ಜಾತಿಯ ಸೂಚಿಪರ್ಣಿ ಮರಗಳ ನೆಡುತೋಪುಗಳು ಎದ್ದವು. ಊರು ಬಿಟ್ಟು ನಗರ ಸೇರಿದ ಒಡೆಯರಿಗೂ ಅದು ಅನುಕೂಲವಾಗಿತ್ತು. ಮರ ತಾನಾಗಿ ಬೆಳೆಯುತ್ತದೆ, ಒಡೆಯ ಸ್ಥಳದಲ್ಲಿರಬೇಕಾದ ಅಗತ್ಯವಿಲ್ಲ. ಇಂದು ಆ ತೋಪುಗಳನ್ನು ಯಂತ್ರ ತಂದು ಬೋಳಾಗಿ ಕಡಿಯುವಾಗ ಅಲ್ಲಿನ ನಿವಾಸಿಗಳು ಪ್ರತಿಭಟಿಸುತ್ತಿದ್ದಾರೆ. ಅಕೇಶಿಯಾ ತೋಪಿನ ನಡುವೆ ಬೆಳೆದ ತಮಗೆ ಈ ಸಂಗತಿಯನ್ನು ವಿವರಿಸಬೇಕಾಗಿಲ್ಲ.

ಇಂಥ ಸೀಮೆಗೆ ನಿವೃತ್ತ ದಂಪತಿಗಳು ಬಂದರು. 1990ರ ದಶಕದಿಂದಾಚೆಗೆ ಈ ಬರವು ಹೆಚ್ಚಿತು. ಇಂಗ್ಲೆಂಡಿನ ಸಾಧಾರಣ ಮನೆಯೊಂದನ್ನು ಮಾರಿದ ಹಣದಲ್ಲಿ ಇಲ್ಲಿ ಕಲ್ಲಿನ ಮನೆ, ಕೊಟ್ಟಿಗೆ, ಹಿತ್ತಲು ಎಲ್ಲವನ್ನೂ ಕೊಂಡು, ಕೈಯಲ್ಲಿ ಒಂದಿಷ್ಟು ಉಳಿಸಿಕೊಳ್ಳಬಹುದಾಗಿತ್ತು. ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿದ್ದ ಕಾರಣ ನೆಲೆಸಲು ವಿಶೇಷ ಅನುಮತಿ ಬೇಕಿರಲಿಲ್ಲ.

ಅಂಥ ಒಂದು ದಂಪತಿಯನ್ನು ಊಹಿಸಿಕೊಳ್ಳೋಣ. ಇದು ಯಾರೊಬ್ಬರ ಚಿತ್ರವೂ ಅಲ್ಲ, ಉದಾಹರಣೆ ಮಾತ್ರ. ಅವರು ಮನೆಯನ್ನು ನೋಡಿದ್ದು ಜೂನ್ ತಿಂಗಳಿನಲ್ಲಿ. ಗೋಡೆಯ ಮೇಲೆ ಗುಲಾಬಿ ಬಳ್ಳಿ ಹಬ್ಬಿತ್ತು. ವಾಸಕ್ಕೆ ಬಂದದ್ದು ನವೆಂಬರಿನಲ್ಲಿ. ಆಗ ಮನೆ ಪಾಠ ಹೇಳತೊಡಗಿತು.

ಮೊದಲನೆಯ ಪಾಠ ಗೋಡೆಯದು. ಕಲ್ಲು, ಮಣ್ಣು, ಸುಣ್ಣದ ಗಾರೆಯಿಂದ ಕಟ್ಟಿದ ಹಳೆಯ ಗೋಡೆ ತೇವವನ್ನು ಹೀರಿ ಹೊರಗೆ ಬಿಡುತ್ತದೆ. ಅಂದ ಕಾಣಲೆಂದು ಸಿಮೆಂಟು ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಂಡು ತೊಲೆಯ ತುದಿ ಕೊಳೆಯುತ್ತದೆ. ಎರಡನೆಯದು ಸೌದೆಯದು. ಹಸಿ ಸೌದೆ ಹೊಗೆ ಕೊಡುತ್ತದೆಯೇ ಹೊರತು ಬಿಸಿ ಕೊಡುವುದಿಲ್ಲ. ಓಕ್ ಸೌದೆ ಎರಡು ವರ್ಷವಾದರೂ ಒಣಗಬೇಕು. ಆದುದರಿಂದ ಎರಡು ವರ್ಷದಾಚೆಯ ಚಳಿಯನ್ನು ಇಂದೇ ಯೋಚಿಸಬೇಕು. ಮೂರನೆಯದು ಮಲಿನ ನೀರಿನದು. ಒಳಚರಂಡಿಯಿಲ್ಲದ ಕಡೆ ಪ್ರತಿ ಮನೆಯ ಮಲಗುಂಡಿಯನ್ನು ಸ್ಥಳೀಯ ಆಡಳಿತ ಪರೀಕ್ಷಿಸುತ್ತದೆ. 2011ರಿಂದ ಮನೆ ಮಾರುವಾಗ ಆ ಪರೀಕ್ಷೆಯ ವರದಿ ಕಡ್ಡಾಯ. ದೋಷವಿದ್ದರೆ ಕೊಂಡವರು ಒಂದು ವರ್ಷದೊಳಗೆ ಸರಿಪಡಿಸಬೇಕು. ತನ್ನ ಕೊಳೆ ನೆರೆಯವನ ಬಾವಿಗೆ ಇಳಿಯಬಾರದೆಂಬುದು ಅದರ ತಾತ್ಪರ್ಯ.

ನಾಲ್ಕನೆಯದು ಕುಡಿಯುವ ನೀರಿನದು. ಇದು ಎಲ್ಲಕ್ಕಿಂತ ಕಠಿಣ. ಗ್ರಾನೈಟ್ ನೆಲದಲ್ಲಿ ಆಳದ ದೊಡ್ಡ ಜಲಸಂಗ್ರಹವಿರುವುದಿಲ್ಲ. ಶಿಲೆ ಶಿಥಿಲವಾಗಿ ಆದ ಮರಳು ಮಣ್ಣಿನ ತೆಳು ಪದರವೇ ಮಳೆಯನ್ನು ಹಿಡಿದಿಟ್ಟು ಒರತೆಗಳಿಗೆ ಕೊಡುತ್ತದೆ. ಮಳೆ ತಪ್ಪಿದರೆ ಕೆಲವೇ ತಿಂಗಳಲ್ಲಿ ಒರತೆ ಬತ್ತುತ್ತದೆ. 2019 ಮತ್ತು 2022ರ ಬೇಸಿಗೆಗಳ ಬರ ಇದನ್ನು ಎಲ್ಲರಿಗೂ ಮನಗಾಣಿಸಿತು. ಹಳ್ಳಿಯನ್ನು ವಿಹಾರಸ್ಥಾನವೆಂದು ತಿಳಿದು ಬಂದವರು ಮೊದಲು ಬಯಸುವುದು ಈಜುಕೊಳವನ್ನು. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಸಾಧಾರಣ ಕೊಳಕ್ಕೆ 48,000 ಲೀಟರ್ ನೀರು ಬೇಕು. ಬರಗಾಲದಲ್ಲಿ ಕೊಳ ತುಂಬಿಸುವುದನ್ನು ಅಲ್ಲಿನ ಸರ್ಕಾರ ನಿರ್ಬಂಧಿಸುತ್ತದೆ. ಆದರೆ ನಿಯಮ ಬರುವ ಮೊದಲೇ ನೆರೆಯ ದನಗಾಹಿಯ ತೊಟ್ಟಿಯನ್ನು ನೋಡಿ ಕೈ ತಡೆದವನು ಮಾತ್ರ ಆ ಊರಿನವನಾಗುತ್ತಾನೆ.

ಐದನೆಯದು ಭಾಷೆಯ ಪಾಠ. ಅರವತ್ತೈದರ ವಯಸ್ಸಿನಲ್ಲಿ ಹೊಸ ನುಡಿ ಕಲಿಯುವುದು ಸುಲಭವಲ್ಲ. ಕಲಿಯದವರು ತಮ್ಮ ದೇಶದವರೊಡನೆ ಮಾತ್ರ ಬೆರೆತು, ಇಪ್ಪತ್ತು ವರ್ಷವಾದರೂ ಅತಿಥಿಗಳಾಗಿಯೇ ಉಳಿದರು. ಕಲಿತವರು ಊರಿನ ಕೆಲಸಕ್ಕೆ ಹೆಗಲು ಕೊಟ್ಟರು. 1992ರ ಮಾಸ್ತ್ರಿಕ್ಟ್ ಒಪ್ಪಂದದ ಫಲವಾಗಿ ಒಕ್ಕೂಟದ ಇತರ ದೇಶಗಳ ಪ್ರಜೆಗಳು 2001ರಿಂದ ಫ್ರಾನ್ಸಿನ ಸ್ಥಳೀಯ ಚುನಾವಣೆಗಳಲ್ಲಿ ಮತ ಹಾಕಿದರು, ಸ್ಪರ್ಧಿಸಿದರು. ಬ್ರಿಟನ್ ಒಕ್ಕೂಟವನ್ನು ಬಿಡುವ ವೇಳೆಗೆ ಏಳು ನೂರಕ್ಕೂ ಹೆಚ್ಚು ಬ್ರಿಟಿಷರು ಫ್ರೆಂಚ್ ಊರುಗಳ ಸ್ಥಳೀಯ ಸಭೆಗಳಲ್ಲಿ ಸದಸ್ಯರಾಗಿದ್ದರು. ಅವರು ಕುಳಿತದ್ದು ರಸ್ತೆಯ ಗುಂಡಿ, ನೀರಿನ ಕೊಳವೆ, ಸ್ಮಶಾನದ ಗೋಡೆಗಳ ಬಗ್ಗೆ ನಿರ್ಣಯಿಸುವ ಸಭೆಗಳಲ್ಲಿ.

2020ರ ಜನವರಿ 31ರಂದು ಬ್ರಿಟನ್ ಒಕ್ಕೂಟದಿಂದ ಹೊರಬಂದಿತು. ಅದೇ ಮಾರ್ಚಿನಲ್ಲಿ ನಡೆದ ಸ್ಥಳೀಯ ಚುನಾವಣೆಯಲ್ಲಿ, ಫ್ರೆಂಚ್ ಪೌರತ್ವ ಪಡೆಯದ ಬ್ರಿಟಿಷರಿಗೆ ಮತವೂ ಇರಲಿಲ್ಲ, ಸ್ಪರ್ಧಿಸುವ ಹಕ್ಕೂ ಇರಲಿಲ್ಲ. ಅಂದಿನ ವರ್ಷಾಂತ್ಯದೊಳಗೆ ನೆಲೆಸಿದ್ದವರಿಗೆ ವಾಸದ ಹಕ್ಕು ಉಳಿಯಿತು. ಆದರೆ ಊರಿನ ಕಡತಗಳನ್ನು ವರ್ಷಗಟ್ಟಲೆ ಓದಿದ ಹಿರಿಯರು ಒಂದೇ ದಿನದಲ್ಲಿ ಸಭೆಯ ಹೊರಗಿನವರಾದರು. ಮನೆಯನ್ನು ಹಣದಿಂದ ಕೊಳ್ಳಬಹುದು. ಊರಿನಲ್ಲಿ ಮಾತನಾಡುವ ಹಕ್ಕನ್ನು ಕೊಳ್ಳಲಾಗದು. ಊರಲ್ಲಿ ಹುಟ್ಟಿ ಆ ಹಕ್ಕನ್ನು ಪಡೆದಿರುವ ನಾವು ಗ್ರಾಮಸಭೆಗೆ ಎಷ್ಟು ಬಾರಿ ಹೋಗಿದ್ದೇವೆ? ತಮ್ಮಲ್ಲಿ ಪ್ರತಿಯೊಬ್ಬರೂ ಮನಸ್ಸಿನಲ್ಲಿಯೇ ಉತ್ತರಿಸಿಕೊಳ್ಳಿ.

ವಯಸ್ಸು ಯಾರನ್ನೂ ಕಾಯುವುದಿಲ್ಲ. ಬ್ರಿಟನ್ನಿನ ವೃದ್ಧಾಪ್ಯ ಪಿಂಚಣಿ ಪಡೆಯುವವರ ಚಿಕಿತ್ಸೆಯ ವೆಚ್ಚವನ್ನು ನಿಯಮದಂತೆ ಆ ದೇಶವೇ ಭರಿಸುತ್ತದೆ. ಆದರೆ ಹಣವಿದ್ದರೂ ವೈದ್ಯರಿಲ್ಲದ ಸೀಮೆ ಅದು. ಬಸ್ಸು ವಿರಳ. ಕಣ್ಣು ಮಂಜಾಗಿ ಕಾರು ಓಡಿಸಲಾಗದ ದಿನ ಅಂಗಡಿಯೂ ಆಸ್ಪತ್ರೆಯೂ ದೂರವಾಗುತ್ತವೆ. ಇಬ್ಬರಲ್ಲಿ ಒಬ್ಬರು ತೀರಿಕೊಂಡ ಮೇಲೆ ಉಳಿದವರಲ್ಲಿ ಹಲವರು ಮಕ್ಕಳಿರುವಲ್ಲಿಗೆ ಮರಳುತ್ತಾರೆ. ಅಷ್ಟು ಪ್ರೀತಿಯಿಂದ ದುರಸ್ತಿ ಮಾಡಿದ ಮನೆಯ ಮುಂದೆ ಮಾರಾಟದ ಹಲಗೆ ಮತ್ತೆ ನೇತಾಡುತ್ತದೆ.

ಈಗ ಲೆಕ್ಕ ಹಾಕೋಣ. ನಿವೃತ್ತರು ಬಂದುದರಿಂದ ಕುಸಿಯುತ್ತಿದ್ದ ಛಾವಣಿಗಳು ಉಳಿದವು, ಗಾರೆಯವರಿಗೂ ಬಡಗಿಗಳಿಗೂ ಕೆಲಸ ಸಿಕ್ಕಿತು, ಸಂತೆಗೆ ಗಿರಾಕಿಗಳಾದರು. ಇದು ಸಣ್ಣ ಉಪಕಾರವಲ್ಲ. ಊರನ್ನು ಬರಿದು ಮಾಡಿದವರೂ ಅವರಲ್ಲ; ಅವರು ಬರುವ ಮೊದಲೇ ಊರು ಬರಿದಾಗಿತ್ತು. ಆದರೆ ನಿವೃತ್ತರ ಮನೆಯಿಂದ ಶಾಲೆಗೆ ಮಗು ಹೋಗುವುದಿಲ್ಲ. ಹೊಲಕ್ಕೆ ಕೈಗಳು ಹೋಗುವುದಿಲ್ಲ. ಮನೆಯ ಬೀಗ ತೆರೆಯಿತು, ಶಾಲೆಗೆ ಬೀಗ ಬಿತ್ತು. ಪಿಂಚಣಿಯಿಂದ ಮನೆ ಉಳಿಯುತ್ತದೆ. ಊರು ಉಳಿಯಬೇಕಾದರೆ ಅಲ್ಲಿಯೇ ದುಡಿದು ಬದುಕುವವರು ಬೇಕು.

ಅದು ಅಸಾಧ್ಯವೇ? ಅಲ್ಲ. ಅದೇ ಪ್ರಸ್ಥಭೂಮಿಯಲ್ಲಿ ಫೋ-ಲಾ-ಮೊಂತಾಞ್ ಎಂಬ ಊರಿದೆ. ನಾಲ್ಕು ನೂರರ ಆಸುಪಾಸಿನ ಜನ. 1988ರಲ್ಲಿ ಅಲ್ಲಿಗೆ ಬಂದ ಕೆಲವು ಯುವಕ ಯುವತಿಯರು ಮರ ಕೊಯ್ಯುವ ಗಿರಣಿಯೊಂದನ್ನು ಕಟ್ಟಿದರು. ಆಂಬಿಯಾನ್ಸ್ ಬ್ವಾ ಎಂಬ ಆ ಗಿರಣಿಯಲ್ಲಿ ಕೆಲಸಗಾರರೇ ಪಾಲುದಾರರು. ಮರವನ್ನು ದಿಮ್ಮಿಯಾಗಿ ಹೊರಗೆ ಕಳುಹಿಸದೆ, ಊರಿನಲ್ಲಿಯೇ ಕೊಯ್ದು ಹಲಗೆ ಮಾಡಿ, ಮನೆ ಕಟ್ಟುವ ಕೆಲಸಕ್ಕೂ ಇಳಿದರು. ದುಡಿಮೆಯಿದ್ದಲ್ಲಿ ಸಂಸಾರ ನಿಂತಿತು. ಸಂಸಾರವಿದ್ದಲ್ಲಿ ಶಾಲೆ ನಿಂತಿತು.

ನಮ್ಮ ಮಲೆನಾಡಿನತ್ತ ತಿರುಗೋಣ. ಮಕ್ಕಳು ಬೆಂಗಳೂರಿನಲ್ಲಿ, ಅಪ್ಪ ಅಮ್ಮ ಇಬ್ಬರೇ ದೊಡ್ಡ ಮನೆಯ ಜಗುಲಿಯಲ್ಲಿ. ಅಡಿಕೆ ಕೊನೆ ತೆಗೆಯಲು ಆಳಿಲ್ಲ. ಇಂಥ ಮನೆಗಳನ್ನು ಎಣಿಸಲು ನಾವು ಫ್ರಾನ್ಸಿಗೆ ಹೋಗಬೇಕಿಲ್ಲ. ನಗರದಲ್ಲಿ ನಿವೃತ್ತರಾಗಿ ಇಲ್ಲಿ ಜಾಗ ಕೊಂಡು ಬರುವವರನ್ನೂ ನೋಡುತ್ತಿದ್ದೇವೆ. ಬರುವವರನ್ನು ಹಗೆಗಳೆಂದು ಕಾಣುವುದು ಬೇಡ. ಅವರಿಗೆ ನಾವು ಹೇಳಬೇಕಾದುದು ಇಷ್ಟೇ: ನೋಟವನ್ನು ಕೊಳ್ಳಲು ಬರಬೇಡಿ, ಹೊಣೆಯನ್ನು ಹೊರಲು ಬನ್ನಿ. ಅಬ್ಬಿನೀರಿನ ಸರದಿ ತಿಳಿಯಿರಿ, ಬೇಲಿ ಹಾಕುವ ಮುನ್ನ ದನ ಹೋಗುವ ದಾರಿಯನ್ನು ಕೇಳಿ.

ವಿದ್ಯಾರ್ಥಿಗಳಿಗೆ ಹೇಳಬೇಕಾದ ಮಾತು ಬೇರೆ. 1983ರಲ್ಲಿ ಶಿರಸಿಯ ಬಳಿಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡರು. ಕೊಡಲಿ ಕಾಡಿಗೆ ಬಂದ ದಿನ ಅವರು ಊರಿನಲ್ಲಿದ್ದರು. ಆದ್ದರಿಂದಲೇ ಅದು ಸಾಧ್ಯವಾಯಿತು. ಆ ದಿನ ಊರಿನ ಮನೆಗಳಿಗೆಲ್ಲ ಬೀಗ ಬಿದ್ದಿದ್ದರೆ ಮರವನ್ನು ಅಪ್ಪಿಕೊಳ್ಳುವವರು ಯಾರಿರುತ್ತಿದ್ದರು? ಓದಲು ಹೋಗಿ, ಲೋಕ ನೋಡಿ. ಆದರೆ ಊರಿಗೆ ಮರಳುವುದನ್ನು ಅರವತ್ತರ ನಂತರದ ಕೆಲಸವೆಂದು ಮುಂದೂಡಬೇಡಿ. ಆಗ ಬಂದರೆ ಮನೆಯ ಬೀಗವನ್ನಷ್ಟೇ ತೆರೆಯಬಹುದು. ಶಾಲೆಯ ಬೀಗ ತೆರೆಯಬೇಕಾದರೆ ಅದಕ್ಕಿಂತ ಬಹಳ ಮೊದಲೇ ಬರಬೇಕು.