ತಾಳ ತಪ್ಪಿದ ಎಂಜಿನ್

(ಶತಮಾನೋತ್ಸವದ ಅಂಗವಾಗಿ ನಡೆದ ವಿಜ್ಞಾನ ಪ್ರದರ್ಶನದ ಉದ್ಘಾಟನೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನಮ್ಮ ಅಕ್ಕಲಕೋಟೆ ಸೀಮೆಯ ಪಾಲಕರು ಪ್ರವೇಶದ ದಿನಗಳಲ್ಲಿ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಕನ್ನಡದಲ್ಲಿ ಓದಿದ ಮಕ್ಕಳು ನಾಳೆ ಐಟಿಐ, ಪಾಲಿಟೆಕ್ನಿಕ್ ಸೇರಿದರೆ ಯಂತ್ರದ ಮುಂದೆ ತಬ್ಬಿಬ್ಬಾಗುವುದಿಲ್ಲವೇ? ಇದಕ್ಕೆ ಭಾಷಾಭಿಮಾನದ ಮಾತು ಉತ್ತರವಾಗಲಾರದು. ಅಂಗಳದಲ್ಲಿ ನಿಂತಿರುವ ಬಿಳಿಯ ಅಂಬಾಸಿಡರ್ ಕಾರನ್ನು ಮುಂದಿಟ್ಟುಕೊಂಡೇ ಉತ್ತರಿಸುತ್ತೇನೆ.

ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟರ್ಸ್ ಸಂಸ್ಥೆ ತಯಾರಿಸುತ್ತಿದ್ದ ಅಂಬಾಸಿಡರ್, ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ವಂಶದ್ದು. 2014ರಲ್ಲಿ ಅದರ ತಯಾರಿಕೆ ನಿಂತಿತು. ಈ ಗಾಡಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರ ದಿವಂಗತ ತಂದೆಯವರದು. ಅದರ 1489 ಸಿಸಿ ಪೆಟ್ರೋಲ್ ಎಂಜಿನ್ ನಿಂತಲ್ಲೇ ನಡುಗುತ್ತಿತ್ತು. ಎಂಜಿನ್ ಬದಲಿಸಿ, ಇಲ್ಲವೇ ಗುಜರಿಗೆ ಹಾಕಿ ಎಂಬ ಸಲಹೆಯೂ ಅವರಿಗೆ ಬಂದಿತ್ತು.

ಕನ್ನಡ ಎಂ.ಎ. ಓದಿದವಳಿಗೆ ಇದರ ಗೊಡವೆ ಏಕೆಂದು ನೀವು ನಗಬಹುದು. ಭಾಮಿನಿ ಷಟ್ಪದಿಯಲ್ಲಿ ಒಂದು ಮಾತ್ರೆ ಲೋಪವಾದರೆ ಕಿವಿ ಮುಗ್ಗರಿಸುತ್ತದೆ. ಎಲ್ಲಿ ತಪ್ಪಿತೆಂದು ತಿಳಿಯಲು ಗಣ ವಿಂಗಡಿಸಬೇಕು. ಈ ಎಂಜಿನ್ನಿಗೂ ಒಂದು ಛಂದಸ್ಸಿದೆ. ನಾಲ್ಕು ಸಿಲಿಂಡರುಗಳು 1, 3, 4, 2 ಎಂಬ ಕ್ರಮದಲ್ಲಿ ಉರಿಯುತ್ತವೆ. ನಿಮಿಷಕ್ಕೆ 600 ಸುತ್ತು ತಿರುಗುವಾಗ ಪ್ರತಿ ಸಿಲಿಂಡರು ಸೆಕೆಂಡಿಗೆ ಐದು ಬಾರಿ ಉರಿಯಬೇಕು. ಒಂದು ಸತ್ತರೆ ನಿಯಮಿತವಾದ ಕುಂಟು ಕೇಳಿಸುತ್ತದೆ. ಕಾಯಿಲ್, ಪಾಯಿಂಟ್, ಕಾರ್ಬ್ಯುರೇಟರ್‌ನಂತಹ ನಾಲ್ಕಕ್ಕೂ ಸೇರಿದ ಭಾಗ ಕೆಟ್ಟರೆ ಮುಗ್ಗರಿಸುವಿಕೆಗೆ ಸಾಮಾನ್ಯವಾಗಿ ಲೆಕ್ಕವಿರುವುದಿಲ್ಲ. ನಮ್ಮ ಕಾರಿನದು ನಿಯಮಿತವಾದ ಕುಂಟು. ಗ್ಯಾರೇಜಿನ ಮಾತಿನಲ್ಲಿ, 'ಮಿಸ್ಸಿಂಗ್'.

ನಡುಗುವ ಎಂಜಿನ್ ಕಂಡೊಡನೆ ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸುವ ಚಪಲ ಅನೇಕರಿಗಿದೆ. ಮೂಲದೋಷ ಹಾಗೇ ಉಳಿದು, ಇನ್ನೊಂದು ದೋಷ ಸೇರಿಕೊಳ್ಳುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ಕಟ್ಟಳೆಯನ್ನು ನಮ್ಮ ಒಂಬತ್ತನೆಯ ತರಗತಿಯ ಮಕ್ಕಳು ಮೊದಲೇ ಹಾಕಿಕೊಂಡರು. ಗ್ಯಾರೇಜ್ ನಡೆಸುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ರಬ್ಬರ್ ಹಿಡಿಕೆಯ ಇಕ್ಕಳದಿಂದ ಪ್ಲಗ್ಗುಗಳ ವೈರನ್ನು ಒಂದೊಂದಾಗಿ ಕ್ಷಣಕಾಲ ಕಿತ್ತರು. ಅಲ್ಲಿ ಸಾವಿರಾರು ವೋಲ್ಟ್ ಇರುವುದರಿಂದ ಮಕ್ಕಳನ್ನು ದೂರ ನಿಲ್ಲಿಸಿದ್ದೆವು. ಮೊದಲನೆಯ, ಎರಡನೆಯ, ನಾಲ್ಕನೆಯ ವೈರು ಕಿತ್ತಾಗ ವೇಗ ಕುಸಿಯಿತು. ಮೂರನೆಯದನ್ನು ಕಿತ್ತಾಗ ಏನೂ ಆಗಲಿಲ್ಲ. ದುಡಿಯದವನು ರಜೆ ಹಾಕಿದರೆ ಕೆಲಸ ನಿಲ್ಲುವುದಿಲ್ಲವಲ್ಲ!

ಮೂರನೆಯ ಪ್ಲಗ್ಗನ್ನು ಎರಡನೆಯದರೊಡನೆ ಅದಲು ಬದಲು ಮಾಡಿದರು. ದೋಷ ಮೂರರಲ್ಲೇ ಉಳಿಯಿತು, ಪ್ಲಗ್ ನಿರಪರಾಧಿ. ವೈರು ಬದಲಿಸಿದರೂ ಅಷ್ಟೇ. ಪ್ಲಗ್ಗಿನ ಜಾಗದಲ್ಲಿ ಒತ್ತಡಮಾಪಕ ಇಟ್ಟು ನೋಡಿದರೆ, ಮೂರನೆಯ ಸಿಲಿಂಡರಿನ ಒತ್ತಡ ಉಳಿದವುಗಳ ಅರ್ಧಕ್ಕಿಂತ ತುಸು ಹೆಚ್ಚಿತ್ತು. ಗಾಳಿ ಸೋರುತ್ತಿದೆ, ಆದರೆ ಎಲ್ಲಿಂದ? ಒಂದು ಚಮಚ ಎಂಜಿನ್ ಆಯಿಲ್ ಒಳಗೆ ಬಿಟ್ಟು ಮತ್ತೆ ಅಳೆದರು. ಪಿಸ್ಟನ್ ರಿಂಗು ಸವೆದಿದ್ದರೆ ಎಣ್ಣೆ ಸಂದು ಮುಚ್ಚಿ ಒತ್ತಡ ಏರಬೇಕಿತ್ತು. ಏರಲಿಲ್ಲ. ಪಕ್ಕದ ಸಿಲಿಂಡರುಗಳ ಒತ್ತಡ ಸರಿಯಾಗಿಯೇ ಇದ್ದುದರಿಂದ ಗ್ಯಾಸ್ಕೆಟ್ಟಿನ ಮೇಲೂ ಹೆಚ್ಚು ಸಂಶಯ ಉಳಿಯಲಿಲ್ಲ. ಉಳಿದದ್ದು ವಾಲ್ವ್.

ಮೇಲಿನ ಮುಚ್ಚಳ ತೆಗೆದು ನೋಡಿದಾಗ, ಸುಮಾರು 0.38 ಮಿಲಿಮೀಟರ್ ಇರಬೇಕಾದ ಟ್ಯಾಪೆಟ್ ಸಂದು ಮೂರನೆಯ ಸಿಲಿಂಡರಿನ ಹೊಗೆ ಹೊರಹೋಗುವ ವಾಲ್ವಿನಲ್ಲಿ ಮಾಯವಾಗಿತ್ತು. ಸಂದಿಲ್ಲದ ವಾಲ್ವ್ ಪೂರ್ತಿ ಮುಚ್ಚಿಕೊಳ್ಳಲಾರದು. ಹಿಂದೆ ಪೆಟ್ರೋಲಿನಲ್ಲಿದ್ದ ಸೀಸ ವಾಲ್ವ್ ಕೂರುವ ಸೀಟನ್ನೂ ಕಾಪಾಡುತ್ತಿತ್ತು. 2000ದ ಹೊತ್ತಿಗೆ ನಮ್ಮ ದೇಶದಲ್ಲಿ ಸೀಸವನ್ನು ಕೈಬಿಟ್ಟರು; ಮಕ್ಕಳ ಮೆದುಳಿಗೆ ವಿಷವಾದುದನ್ನು ಬಿಟ್ಟದ್ದು ಸರಿಯೇ. ಆದರೆ ಇಂತಹ ಹಳೆಯ ಎಂಜಿನ್ನುಗಳ ಮೃದು ಸೀಟು ಸವೆದು, ವಾಲ್ವ್ ಒಳಗಿಳಿದು, ಸಂದು ಕಿರಿದಾಗುತ್ತ ಬರುತ್ತದೆ.

ಸಂದು ಸರಿಪಡಿಸಿದ ಮೇಲೆ ಕುಂಟು ನಿಂತಿದೆ. ಸೀಟಿನ ಸವೆತ ಮಾತ್ರ ಹಾಗೆಯೇ ಇದೆ. ಮುಂದೆ ಹೆಡ್ ಬಿಚ್ಚಿ ಗಟ್ಟಿ ಸೀಟು ಕೂರಿಸಬೇಕಾದೀತು ಎಂದು ಮಾಲೀಕರಿಗೆ ತಿಳಿಸಿದ್ದೇವೆ. ಎಂಜಿನ್ ಬದಲಿಸುವ ಅಗತ್ಯವಿಲ್ಲ.

ಈ ಶೋಧದ ದಾಖಲೆಯನ್ನು ಮಕ್ಕಳು ಕನ್ನಡದಲ್ಲೇ ಬರೆದು ಕಾರಿನ ಪಕ್ಕದಲ್ಲಿ ತೂಗುಹಾಕಿದ್ದಾರೆ. 'ಕವಾಟ' ಎಂದು ಬರೆದಲ್ಲಿ 'ವಾಲ್ವ್' ಎಂದೂ ಬರೆದಿದ್ದಾರೆ, ಎರಡೂ ಅವರವೇ. ಪಾಲಕರು ದಯಮಾಡಿ ಅದನ್ನು ಓದಿ, ಬರೆದವರನ್ನೇ ಪ್ರಶ್ನೆ ಕೇಳಬೇಕು. ಮಧ್ಯಾಹ್ನ ಮೂರಕ್ಕೆ ಎಂಜಿನ್ ಚಾಲು ಮಾಡಿ, ಒಂದು ವೈರು ಕಿತ್ತು ಆ ಕುಂಟನ್ನು ಕೇಳಿಸುತ್ತೇವೆ. ಫ್ಯಾನಿನ ಹತ್ತಿರ ಸೆರಗು, ದುಪಟ್ಟಾ ಜೋಕೆ.