ಅಂಕ ಬಂತು, ತಪ್ಪು ತಿಳಿಯಿತೆ?

(ಸಾರವಾಡದಲ್ಲಿ ಪದವಿ ವಿದ್ಯಾರ್ಥಿಗಳು ಹಾಗೂ ಪಾಲಕರ ಮುಂದೆ ಮಾಡಿದ ಭಾಷಣದ ಪಠ್ಯ)



ವಿಜಯಪುರದ ಕಾಲೇಜಿಗೆ ಹೋಗಿಬರುವ ಮಕ್ಕಳನ್ನು ಪರೀಕ್ಷೆ ಮುಗಿದ ಮೇಲೆ ನಾವೆಲ್ಲ ಕೇಳುವ ಪ್ರಶ್ನೆ ಒಂದೇ: "ಎಷ್ಟು ಮಾರ್ಕ್ಸ್ ಬಿದ್ದಾವ?" ಎಲ್ಲಿ ತಪ್ಪಿತು, ಯಾಕೆ ತಪ್ಪಿತು ಎಂದು ನಾವು ಕೇಳುವುದಿಲ್ಲ. ಕೇಳಿದರೂ ಅವರಲ್ಲಿ ಉತ್ತರವಿರುವುದಿಲ್ಲ. ಅವರಿಗೂ ಅದನ್ನು ಯಾರೂ ಹೇಳಿರುವುದಿಲ್ಲ. ಉನ್ನತ ಶಿಕ್ಷಣದಲ್ಲಿ ಈ ಕೊರತೆ ಹೇಗೆ ಬಂತು, ಆನ್‌ಲೈನ್ ಕಲಿಕೆಯಿಂದ ಅದು ತುಂಬೀತೆ ಎಂಬುದೇ ಇಂದಿನ ನನ್ನ ಮಾತು.

ಅಳೆಯುವುದು ಬೇರೆ, ತಿದ್ದುವುದು ಬೇರೆ. ಡೋಣಿ ದಂಡೆಯ ಎರೆಹೊಲದಲ್ಲಿ ಹಿಂಗಾರಿ ಜೋಳ ಬಿತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಾಶಿ ಮಾಡಿದಾಗ ಎಷ್ಟು ಚೀಲವಾಯಿತೆಂದು ಲೆಕ್ಕ ಸಿಗುತ್ತದೆ. ಆದರೆ ಬೆಳೆಯನ್ನು ಉಳಿಸುವುದು ರಾಶಿಯಲ್ಲ, ಅದಕ್ಕೆ ಮೊದಲು ಹೊಡೆದ ಎಡೆ, ಕಿತ್ತ ಕಸ. ನಮ್ಮ ಕಾಲೇಜುಗಳಲ್ಲಿ ರಾಶಿಯ ದಿನಕ್ಕೆ ದೊಡ್ಡ ವ್ಯವಸ್ಥೆಯಿದೆ. ಎಡೆ ಹೊಡೆಯುವ ಕೆಲಸ ಹಿಂದೆ ಬಿದ್ದಿದೆ.

ನಮ್ಮ ಜಿಲ್ಲೆಗೆ ಉನ್ನತ ಶಿಕ್ಷಣ ಹೊಸದಲ್ಲ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವೊಂದಿದೆ. ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಶಾಲೆ ಕಟ್ಟಿಸಿದ್ದನ್ನೂ, ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಸತಿಗೆ 27 ಮನೆಗಳಿದ್ದುದನ್ನೂ, ಅವರ ನಿರ್ವಹಣೆಗೆ 500 ನಿವರ್ತನ ಭೂಮಿ ಬಿಟ್ಟುದನ್ನೂ ಅದು ಹೇಳುತ್ತದೆ. ಆ ಕಾಲದ ಬಾಯಿಪಾಠದ ಪದ್ಧತಿಯಲ್ಲಿ ಹಿಂದಿನ ಪಾಠ ಗಟ್ಟಿಯಾದ ಮೇಲೆಯೇ ಮುಂದಿನ ಪಾಠ. ತಪ್ಪಿದ ಕ್ಷಣದಲ್ಲೇ ಗುರು ತಿದ್ದುತ್ತಿದ್ದ. ಆದರೆ ಆ ವಿದ್ಯೆ ಸಮಾಜದ ಕೆಲವರಿಗೆ ಮಾತ್ರ ದಕ್ಕುತ್ತಿತ್ತು ಎಂಬುದನ್ನೂ ಮರೆಯಬಾರದು.

ಇಂದಿನ ಪರೀಕ್ಷೆಯ ಬೇರು ಬೇರೆ ಕಡೆ ಇದೆ. 1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯವನ್ನು ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಸ್ಥಾಪಿಸಲಾಯಿತು. ಮೊದಮೊದಲು ಅದರ ಕೆಲಸ ಪಾಠ ಹೇಳುವುದಾಗಿರಲಿಲ್ಲ. ಪರೀಕ್ಷೆ ನಡೆಸಿ ಪದವಿ ಕೊಡುವುದಾಗಿತ್ತು. ಕಲಿಸುವುದು ಕಾಲೇಜು, ಅಳೆಯುವುದು ವಿಶ್ವವಿದ್ಯಾಲಯ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಗೆ ಬಂದದ್ದೂ ಇದೇ ಪದ್ಧತಿ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಬಂತು, 2003ರಲ್ಲಿ ವಿಜಯಪುರದಲ್ಲೇ ಮಹಿಳಾ ವಿಶ್ವವಿದ್ಯಾಲಯ, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. ಕಚೇರಿ ಹತ್ತಿರವಾಯಿತು, ಆದರೆ ಕಲಿಸುವವರೊಬ್ಬರು, ಅಳೆಯುವವರೊಬ್ಬರು ಎಂಬ ಏರ್ಪಾಟು ಬಹುಮಟ್ಟಿಗೆ ಹಾಗೆಯೇ ಉಳಿಯಿತು.

ಇದರಲ್ಲಿ ಒಳ್ಳೆಯದೂ ಇದೆ. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಹೆಸರಿನ ಬದಲು ನಂಬರು. ಉತ್ತರ ಬರೆದವರು ಗೌಡರ ಮಗನೋ ಕೂಲಿಯವರ ಮಗಳೋ ಎಂದು ಮೌಲ್ಯಮಾಪಕರಿಗೆ ಗೊತ್ತಾಗದು. ಆ ನ್ಯಾಯವನ್ನು ಕಳೆದುಕೊಳ್ಳಬಾರದು. ಆದರೆ ಅದಕ್ಕೆ ತೆತ್ತ ಬೆಲೆಯೆಂದರೆ, ಬರೆದ ಉತ್ತರ ಬರೆದವರಿಗೆ ಮರಳಿ ಬರುವುದಿಲ್ಲ. ಬರುವುದು ಒಂದು ಸಂಖ್ಯೆ. ಮೌಲ್ಯಮಾಪನವಾದ ಉತ್ತರಪತ್ರಿಕೆಯನ್ನು ನೋಡುವುದು ಮಾಹಿತಿ ಹಕ್ಕು ಕಾಯಿದೆಯಡಿ ವಿದ್ಯಾರ್ಥಿಯ ಹಕ್ಕು ಎಂದು ಸ್ಪಷ್ಟವಾಗಲು 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ತೀರ್ಪೇ ಬೇಕಾಯಿತು.

2020ರಲ್ಲಿ ಕೊರೊನಾದಿಂದ ಕಾಲೇಜುಗಳು ಮುಚ್ಚಿದವು. ಪಾಠ ಮೊಬೈಲಿಗೆ ಬಂತು. ಆ ವರ್ಷ ಅಂತಿಮ ವರ್ಷದವರನ್ನು ಬಿಟ್ಟು ಉಳಿದವರನ್ನು ಆಂತರಿಕ ಅಂಕ ಅರ್ಧ, ಹಿಂದಿನ ಸೆಮಿಸ್ಟರಿನ ಫಲಿತಾಂಶ ಅರ್ಧ ಎಂಬ ಲೆಕ್ಕದಲ್ಲಿ ಮುಂದಕ್ಕೆ ಕಳಿಸಲಾಯಿತು. ವರ್ಷವಿಡೀ ತರಗತಿಯಲ್ಲಿ ನಡೆಯುವ ಕೆಲಸಕ್ಕೆ ಎಷ್ಟು ಬೆಲೆಯಿದೆಯೆಂಬುದು ಆಗ ಎಲ್ಲರ ಕಣ್ಣಿಗೂ ಬಿತ್ತು.

ಹಾಗಾದರೆ ಆನ್‌ಲೈನ್ ಕಲಿಕೆ ಈ ಕೊರತೆಯನ್ನು ತುಂಬುತ್ತದೆಯೆ? ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ 'ಸ್ವಯಂ' ವೇದಿಕೆಯಲ್ಲಿ ವಿಡಿಯೊ ಪಾಠ, ಓದುವ ಸಾಮಗ್ರಿ, ಸ್ವಪರೀಕ್ಷೆ, ಚರ್ಚೆಗೆ ಜಾಗ ನಾಲ್ಕೂ ಇವೆ. ಮನೆಯಲ್ಲೇ ಕುಳಿತು ಐಐಟಿಯ ಪ್ರಾಧ್ಯಾಪಕರ ಪಾಠ ಕೇಳಬಹುದು. ಆದರೆ ಅಲ್ಲಿಯೂ ಐಐಟಿಗಳ ಎನ್‌ಪಿಟಿಇಎಲ್ ಕೋರ್ಸುಗಳಲ್ಲಿ ವಾರವಾರದ ಅಭ್ಯಾಸಕ್ಕೆ ಶೇಕಡಾ 25, ಕೊನೆಯ ಪರೀಕ್ಷೆಗೆ ಶೇಕಡಾ 75 ತೂಕ. ನಾಲ್ಕು ಉತ್ತರಗಳಲ್ಲಿ ಒಂದನ್ನು ಒತ್ತಿದರೆ ಸರಿಯೋ ತಪ್ಪೋ ಎಂದು ಯಂತ್ರ ತಟ್ಟನೆ ಹೇಳೀತು. ನೀವು ಯಾವ ದಾರಿಯಲ್ಲಿ ಯೋಚಿಸಿ ತಪ್ಪಿದಿರಿ ಎಂದು ಹೇಳಲು ನಿಮ್ಮನ್ನು ಬಲ್ಲ ಶಿಕ್ಷಕರೇ ಬೇಕು.

ಈ ಮಾತಿಗೆ ಆಧಾರವಿದೆ. ರೂತ್ ಬಟ್ಲರ್ ಎಂಬ ಸಂಶೋಧಕಿ ಇಸ್ರೇಲಿನ ಶಾಲಾಮಕ್ಕಳನ್ನು ಮೂರು ಗುಂಪು ಮಾಡಿ ನಡೆಸಿದ ಅಧ್ಯಯನ 1988ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಅಂಕ ಮಾತ್ರ, ಇನ್ನೊಂದಕ್ಕೆ ಟಿಪ್ಪಣಿ ಮಾತ್ರ, ಮೂರನೆಯದಕ್ಕೆ ಎರಡೂ. ಮುಂದಿನ ಕೆಲಸದಲ್ಲಿ ಸುಧಾರಿಸಿದವರು ಟಿಪ್ಪಣಿ ಮಾತ್ರ ಪಡೆದವರು. ಎರಡನ್ನೂ ಪಡೆದವರ ಸ್ಥಿತಿ ಬರೀ ಅಂಕ ಪಡೆದವರಂತೆಯೇ ಆಯಿತು. ಅಂಕ ಕಂಡೊಡನೆ ಕಣ್ಣು ಟಿಪ್ಪಣಿಯತ್ತ ಹೋಗುವುದಿಲ್ಲ ಎಂದು ಇದನ್ನು ಅರ್ಥೈಸುತ್ತಾರೆ. ಅದು ಶಾಲೆಯ ಮಾತು, ನಿಜ. ಆದರೆ ಕಾಲೇಜಿನವರೂ ಯೋಚಿಸತಕ್ಕದ್ದು.

ಆದ್ದರಿಂದ ಕಿಸೆಯಲ್ಲಿರುವ ಮೊಬೈಲನ್ನೇ ಎಡೆ ಹೊಡೆಯುವ ಕೆಲಸಕ್ಕೆ ಹಚ್ಚಬೇಕು. ಕಿರುಪರೀಕ್ಷೆಯ ಉತ್ತರ ಮುಂದಿನ ಕಿರುಪರೀಕ್ಷೆಗೆ ಮೊದಲು ವಿದ್ಯಾರ್ಥಿಯ ಕೈ ಸೇರಲಿ. ಮೊದಲು ಎರಡು ಸಾಲಿನ ಟಿಪ್ಪಣಿ, ಆಮೇಲೆ ಅಂಕ. ದೊಡ್ಡ ತರಗತಿಯಲ್ಲಿ ಒಬ್ಬೊಬ್ಬರಿಗೂ ಬರೆಯಲಾಗದಿದ್ದರೆ, ಹೆಚ್ಚು ಜನ ಮಾಡಿದ ಮೂರು ತಪ್ಪುಗಳನ್ನು ಶಿಕ್ಷಕರು ಹತ್ತು ನಿಮಿಷ ಧ್ವನಿಮುದ್ರಿಸಿ ಕಳಿಸಿದರೂ ಆದೀತು. ಈಗ ನಿಬಂಧವನ್ನು ಕಂಪ್ಯೂಟರೇ ಬರೆದುಕೊಡುತ್ತದೆ. ಆದ್ದರಿಂದ ಬರೆದದ್ದನ್ನು ಬಾಯಲ್ಲಿ ಕೇಳುವ ಹಳೆಯ ರೂಢಿಯೂ ಮರಳಿ ಬರಬೇಕು. ಇದಕ್ಕೆಲ್ಲ ಸಾಕಷ್ಟು ಶಿಕ್ಷಕರಿರಬೇಕು, ಅವರಿಗೆ ಬಿಡುವಿರಬೇಕು. ಅದನ್ನು ಕೇಳಿ ಪಡೆಯುವುದು ಪಾಲಕರಾದ ನಮ್ಮ ಹೊಣೆ.

ವಿದ್ಯಾರ್ಥಿ ಮಿತ್ರರಿಗೆ ಒಂದೇ ಮಾತು. ತಿದ್ದಿದ ಉತ್ತರವನ್ನು ಕೇಳಿ ಪಡೆಯಿರಿ, ಸಂಕೋಚ ಬೇಡ. ಯಾಕೆ ತಪ್ಪಿತೆಂದು ತಿಳಿಯದೆ ಪಾಸಾದವನಿಗೆ ಅದೇ ತಪ್ಪು ಮುಂದೆ ನೌಕರಿಯಲ್ಲಿ ಎದುರಾದೀತು. ತಿಳಿದು ಫೇಲಾದವನು ಮತ್ತೆ ಬರೆದು ಗೆಲ್ಲಬಲ್ಲ.